ಅನಿಮೇಷನ್ ಚಿತ್ರಕಥೆಗೆ ಫೌಂಟನ್: ಕೆಲವು ವರ್ಷ ಬಳಸಿದ ಮೇಲೆ

ನಾನು ಮಕ್ಕಳಿಗಾಗಿ ಕನ್ನಡದಲ್ಲಿ ಚಿಕ್ಕ ಚಿಕ್ಕ ಅನಿಮೇಷನ್ ಕಥೆ ಬರೆಯುತ್ತೇನೆ. ಕೆಲವು ವರ್ಷಗಳಿಂದ ಚಿತ್ರಕಥೆಯೆಲ್ಲ ಫೌಂಟನ್‌ನಲ್ಲೇ. ಇದು ಸಾಫ್ಟ್‌ವೇರ್ ಅಲ್ಲ, ಬರೆಯುವ ಒಂದು ಕ್ರಮ. ಹಾಲಿವುಡ್ ಚಿತ್ರಕಥೆಗಾರ ಜಾನ್ ಆಗಸ್ಟ್, ಸ್ಟು ಮಾಷ್‌ವಿಟ್ಜ್ ಮತ್ತಿತರರು ಸೇರಿ 2012ರಲ್ಲಿ ಹೊರತಂದರು. ದುಡ್ಡು ಕೊಡಬೇಕಿಲ್ಲ. ನೋಟ್‌ಪ್ಯಾಡ್‌ನಲ್ಲಿ, ಮೊಬೈಲಿನಲ್ಲಿ, ಎಲ್ಲಿ ಬೇಕಾದರೂ ಟೈಪ್ ಮಾಡಬಹುದು. ಫೌಂಟನ್ ಓದುವ ಆಪ್‌ಗೆ ಹಾಕಿದರೆ ಅದು ಚಿತ್ರಕಥೆಯ ರೂಪಕ್ಕೆ ಜೋಡಿಸಿಕೊಡುತ್ತದೆ.

ಕನ್ನಡದವರಿಗೆ ಶುರುವಿನಲ್ಲೇ ಒಂದು ತೊಡಕು. ಸಾಲು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದ್ದರೆ ಅದು ಪಾತ್ರದ ಹೆಸರು ಅಂತ ಫೌಂಟನ್ ಲೆಕ್ಕ. ನಮ್ಮಲ್ಲಿ ಕ್ಯಾಪಿಟಲ್ ಎಲ್ಲಿದೆ? ಅದಕ್ಕೂ ದಾರಿ ಇಟ್ಟಿದ್ದಾರೆ. ಹೆಸರಿನ ಮುಂದೆ @ ಹಾಕಿ, ದೃಶ್ಯದ ತಲೆಬರಹದ ಮುಂದೆ ಒಂದು ಚುಕ್ಕಿ ಇಡಿ:

.ಅಜ್ಜಿ ಮನೆಯ ಜಗಲಿ - ಸಂಜೆ

@ಪುಟ್ಟಿ
ಅಜ್ಜೀ, ನಾಳೆ ನಾವು ಊರಿಗೆ ಹೊರಡ್ತೀವಿ.

ಇದಾದ ಮೇಲೆ 'ಅಜ್ಜಿಗೆ ಬೇಸರವಾಗುತ್ತದೆ' ಅಂತ ಬರೆದರೆ ಓದುವವರಿಗೆ ಸಾಕು, ಅನಿಮೇಟರ್‌ಗೆ ಸಾಲದು. ಸಿನಿಮಾದಲ್ಲಾದರೆ ನಟಿ ಏನೋ ಒಂದು ಮಾಡಿ ತೋರಿಸುತ್ತಾರೆ. ಇಲ್ಲಿ ಪ್ರತಿಯೊಂದನ್ನೂ ಯಾರೋ ಕೂತು ಬಿಡಿಸಬೇಕು. ಹೀಗೆ ಬರೆದು ನೋಡಿ: 'ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಕೈ ನಿಲ್ಲುತ್ತದೆ. ಮತ್ತೆ ಸುಲಿಯುತ್ತಾಳೆ. ಬೀಜ ಸಿಪ್ಪೆಯ ರಾಶಿಗೆ ಬೀಳುತ್ತದೆ, ಸಿಪ್ಪೆ ಬಟ್ಟಲಿಗೆ.' ಈಗ ಬಿಡಿಸಬಹುದು, ಅಲ್ವಾ? ಅನಿಮೇಷನ್‌ಗೆ ಬರೆಯಲು ಕಲಿಯುವುದರಲ್ಲಿ ಮುಕ್ಕಾಲು ಪಾಲು ಇದೇ. ಫೌಂಟನ್ ಇದನ್ನು ಕಲಿಸುವುದಿಲ್ಲ. ಆದರೆ ಮಾರ್ಜಿನ್, ಫಾಂಟು, ಮೆನು ಯಾವುದರ ಗೊಡವೆಯೂ ಇಲ್ಲದ್ದರಿಂದ ಗಮನವೆಲ್ಲ ಸಾಲಿನ ಮೇಲೇ ನಿಲ್ಲುತ್ತದೆ.

ನನಗೆ ಜಾಸ್ತಿ ಉಪಯೋಗವಾಗಿರುವುದು ಜೋಡಿ ಆವರಣ, [[ ]]. ಇದರೊಳಗೆ ಬರೆದದ್ದನ್ನು ಫೌಂಟನ್ ಟಿಪ್ಪಣಿ ಅಂತ ಪರಿಗಣಿಸುತ್ತದೆ, ಕಥೆಯ ಜೊತೆ ಸೇರಿಸುವುದಿಲ್ಲ. ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿಗೆ 24 ಫ್ರೇಮ್. ಎರಡು ಫ್ರೇಮಿಗೆ ಒಂದು ಚಿತ್ರ ಅಂದುಕೊಂಡರೂ 12 ಚಿತ್ರ. 'ಜಾತ್ರೆಯಲ್ಲಿ ಜನಜಂಗುಳಿ' ಅಂತ ಸುಮ್ನೆ ಬರೆದುಬಿಡಬಹುದು, ಬಿಡಿಸುವವರ ಪಾಡು ಬೇರೆ. ಅಂಥ ಕಡೆ ಪಕ್ಕದಲ್ಲೇ ಕೇಳುತ್ತೇನೆ: [[ಜನ ಬೇಡ. ಸದ್ದು, ಗೋಡೆ ಮೇಲೆ ಸಾಗುವ ತೇರಿನ ನೆರಳು ಸಾಕೇ?]] ಉತ್ತರವನ್ನೂ ಅವರು ಅಲ್ಲೇ ಬರೆಯುತ್ತಾರೆ. ಎಷ್ಟೋ ಸಲ ಅವರ ಉತ್ತರವೇ ದೃಶ್ಯವಾಗಿದೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಹಾಲಿವುಡ್ ಲೆಕ್ಕವನ್ನು ಮಾತ್ರ ನಂಬಬೇಡಿ. ಅದು ಕೊರಿಯರ್ ಫಾಂಟಿನ ಲೆಕ್ಕ, ಕೊರಿಯರ್‌ನಲ್ಲಿ ಕನ್ನಡ ಇಲ್ಲ. ಮೇಲಾಗಿ, ಮಾತಿಲ್ಲದ ದೃಶ್ಯ ಎಷ್ಟು ಹೊತ್ತು ಓಡುತ್ತದೆ ಅಂತ ಪುಟ ನೋಡಿ ಹೇಳಲಾಗದು. ನಾನು ಫೌಂಟನ್ ಫೈಲನ್ನು ಸ್ಟೋರಿಬೋರ್ಡರ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಹಾಕುತ್ತೇನೆ. ಕಥೆಯನ್ನು ಬೋರ್ಡ್ ಎಂಬ ಬಿಡಿ ಚಿತ್ರಗಳಾಗಿ ಸಾಲಾಗಿ ಗೀಚಿಡಲು ಇರುವ ಸಾಫ್ಟ್‌ವೇರ್ ಇದು. ಕಡ್ಡಿಗೊಂಬೆ ಗೀಚಿ, ಪ್ರತಿ ಬೋರ್ಡ್‌ಗೂ ಸಮಯ ಕೊಟ್ಟು ಓಡಿಸಿ ನೋಡಿದರೆ ಎಲ್ಲಿ ಎಳೆದಾಡುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ತಲೆನೋವು ಪಿಡಿಎಫ್‌ನದ್ದು. ಕೆಲವು ಆಪ್‌ಗಳಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಡೀ ಕಥೆ ಬರೆದು ಮುಗಿಸುವ ಮುಂಚೆಯೇ 'ಲಕ್ಷ್ಮಿ', 'ಸ್ತ್ರೀ', 'ರಾಷ್ಟ್ರ' ಅಂತ ಮೂರು ಪದ ಹಾಕಿ ಪಿಡಿಎಫ್ ಮಾಡಿ ನೋಡಿ. ಸರಿಯಾಗಿ ಬಂದರೆ ಆ ಆಪ್ ಇಟ್ಟುಕೊಳ್ಳಿ. ಬರದಿದ್ದರೆ ಇನ್ನೊಂದಕ್ಕೆ ಹೋಗಿ, ಫೈಲ್ ಹೇಗೂ ನಿಮ್ಮ ಹತ್ತಿರವೇ ಇರುತ್ತದೆ.