ಫೈನಲ್ ಫ್ಯಾಂಟಸಿ 6 ಪಿಕ್ಸೆಲ್ ರೀಮಾಸ್ಟರ್: ಹಳೆಯ ಆಟಕ್ಕೆ ಹೊಸ ಸ್ವಿಚ್ಚುಗಳು

ಜಪಾನಿನ ಹಳೆಯ ರೋಲ್ ಪ್ಲೇಯಿಂಗ್ ಆಟಗಳನ್ನು, ಅಂದರೆ ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುವ ವಿಡಿಯೊ ಆಟಗಳನ್ನು, ಮೆಚ್ಚುವವರು ಅವುಗಳ ಕಥೆ, ಸಂಗೀತ, ಪಾತ್ರಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಪರದೆ ಬದಲಾಗಿ, ಆಗಷ್ಟೇ ಸೋಲಿಸಿದ ಅದೇ ಮೂರು ಮೃಗಗಳು ಮತ್ತೆ ಎದುರಿಗೆ ಬಂದು ನಿಲ್ಲುವ ಕಾಟವನ್ನು ಮಾತ್ರ ಹೇಳದೆ ಜಾರಿಕೊಳ್ಳುತ್ತಾರೆ. ಫೈನಲ್ ಫ್ಯಾಂಟಸಿ 6ರಲ್ಲಿ ಆ ಸೊಗಸೂ ಈ ಕಾಟವೂ ಧಾರಾಳವಾಗಿವೆ. ಸ್ಕ್ವೇರ್ ಸಂಸ್ಥೆ 1994ರ ಏಪ್ರಿಲ್ 2ರಂದು ಸೂಪರ್ ಫ್ಯಾಮಿಕಾಮ್ (ಹೊರದೇಶಗಳಲ್ಲಿ ಸೂಪರ್ ನಿಂಟೆಂಡೊ) ಯಂತ್ರಕ್ಕಾಗಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಈ ಆಟವನ್ನು ಇಂದಿನ ಸ್ಕ್ವೇರ್ ಎನಿಕ್ಸ್ ಪಿಕ್ಸೆಲ್ ರೀಮಾಸ್ಟರ್ ಎಂಬ ಹೆಸರಿನಲ್ಲಿ 2022ರ ಫೆಬ್ರವರಿಯಲ್ಲಿ ಕಂಪ್ಯೂಟರಿಗೂ ಮೊಬೈಲಿಗೂ, 2023ರ ಏಪ್ರಿಲ್‌ನಲ್ಲಿ ನಿಂಟೆಂಡೊ ಸ್ವಿಚ್ ಮತ್ತು ಪ್ಲೇಸ್ಟೇಷನ್ 4ಕ್ಕೂ ತಂದಿತು. ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಮುಗಿಯಿತು. ನಡುನಡುವೆ ಜಾಹೀರಾತಿಲ್ಲ, ಇಳಿಸಿಕೊಂಡ ಮೇಲೆ ಆಡಲು ಇಂಟರ್ನೆಟ್ಟೂ ಬೇಕಿಲ್ಲ. ನಾನು ಇದನ್ನು ಬಹುಪಾಲು ಫೋನಿನಲ್ಲಿಯೂ, ಉಳಿದಂತೆ ಮನೆಯ ಲ್ಯಾಪ್‌ಟಾಪಿನಲ್ಲಿಯೂ ಆಡಿದ್ದೇನೆ.

ಚಿತ್ರಗಳನ್ನು ಹೊಸದಾಗಿ ಬಿಡಿಸಿದ್ದಾರೆ. ಮೂಲ ಸಂಯೋಜಕ ನೊಬುವೊ ಉಯೆಮಾತ್ಸು ಅವರ ಮೇಲ್ವಿಚಾರಣೆಯಲ್ಲಿ ಸಂಗೀತವನ್ನು ಮರುಸಂಯೋಜಿಸಿದ್ದಾರೆ. ಗುಹೆ, ಕೋಟೆಗಳ ನಕ್ಷೆ ಪರದೆಯ ಮೇಲೆಯೇ ಸಿಗುತ್ತದೆ. ಇವೆಲ್ಲ ಸ್ವಾಗತಾರ್ಹವೇ ಆದರೂ ಈ ಆವೃತ್ತಿಯ ನಿಜವಾದ ಹೊಸತನ ಇರುವುದು ಬೂಸ್ಟ್ ಎಂಬ ಮೆನುವಿನಲ್ಲಿ. ಮೊದಲು ಕನ್ಸೋಲ್‌ಗಳಿಗೆ ಬಂದು 2024ರಲ್ಲಿ ಕಂಪ್ಯೂಟರ್ ಮತ್ತು ಮೊಬೈಲಿಗೂ ದೊರೆತ ಈ ಸೌಲಭ್ಯದಲ್ಲಿ, ಯುದ್ಧ ಗೆದ್ದಾಗ ಸಿಗುವ ಅನುಭವದ ಅಂಕ, ಹಣ ಮತ್ತು ಮಂತ್ರ ಕಲಿಕೆಯ ಅಂಕಗಳನ್ನು ಸೊನ್ನೆಯಿಂದ ನಾಲ್ಕು ಪಟ್ಟಿನವರೆಗೆ ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ದಾರಿಯಲ್ಲಿ ಹಠಾತ್ತನೆ ಎದುರಾಗುವ ಯುದ್ಧಗಳನ್ನು ಬೇಡವೆಂದಾಗ ಪೂರ್ತಿಯಾಗಿ ನಿಲ್ಲಿಸಿಬಿಡಬಹುದು. ಇದರೊಂದಿಗೆ, ಹಿಂದಿನ ಆದೇಶಗಳನ್ನೇ ವೇಗವಾಗಿ ಪುನರಾವರ್ತಿಸುವ ಆಟೊ ಬ್ಯಾಟಲ್ ಕೂಡ ಇದೆ. ಕಾಟದ ಕೀಲಿಕೈಯನ್ನೇ ಆಟಗಾರನ ಕೈಗೆ ಕೊಟ್ಟಿದ್ದಾರೆ ಎನ್ನಬೇಕು. ಅದನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ಮುಟ್ಟಬಾರದು ಎಂಬುದನ್ನು ಮಾತ್ರ ಆಟ ಹೇಳುವುದಿಲ್ಲ.

ಹಳೆಯ ಯಂತ್ರಗಳ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಆಡಿ ಬೆಳೆದವರಿಗೆ ಇದರಲ್ಲಿ ಅಂಥ ವಿಶೇಷ ಕಾಣದಿರಬಹುದು. ಸೂಪರ್ ನಿಂಟೆಂಡೊ ಯಂತ್ರವನ್ನು ತುಮಕೂರಿನ ಅಂಗಡಿಗಳಲ್ಲಿ ಕಂಡ ನೆನಪು ನನ್ನ ಓರಗೆಯವರಿಗಿಲ್ಲ; ನಾವು ಈ ಆಟವನ್ನು ನೋಡಿದ್ದೇ ಕಾಲೇಜಿನ ದಿನಗಳಲ್ಲಿ, ಯಾರದೋ ಕಂಪ್ಯೂಟರಿನಲ್ಲಿ, ವೇಗ ಹೆಚ್ಚಿಸುವ ಕೀಲಿಯ ಮೇಲೆ ಬೆರಳಿಟ್ಟುಕೊಂಡೇ. ಆ ಅಭ್ಯಾಸವನ್ನೇ ಕಂಪನಿ ಈಗ ಅಧಿಕೃತವಾಗಿ ಒಪ್ಪಿಕೊಂಡಂತಾಗಿದೆ.

ಆಟದ ಮೊದಲರ್ಧದಲ್ಲಿ ಈ ಸ್ವಿಚ್ಚುಗಳಲ್ಲಿ ಯಾವುದನ್ನೂ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಮ ಬೀಳುವ ನಾರ್ಶೆ ಪಟ್ಟಣದತ್ತ ಮೂರು ಯಂತ್ರಕವಚಗಳು ನಿಧಾನವಾಗಿ ನಡೆದುಹೋಗುವ ಆರಂಭದ ದೃಶ್ಯದಿಂದ ಹಿಡಿದು ಲೋಕವೇ ಛಿದ್ರವಾಗುವ ಘಟ್ಟದವರೆಗೆ ಕಥೆ ಒಂದೇ ದಾರಿಯಲ್ಲಿ ಸಾಗುತ್ತದೆ, ಮತ್ತು ಆ ದಾರಿಯಲ್ಲಿ ಸಹಜವಾಗಿ ಎದುರಾಗುವ ಯುದ್ಧಗಳನ್ನು ಗೆದ್ದುಕೊಂಡು ಹೋದರೆ ಸಾಕು, ತಂಡ ಬೇಕಾದಷ್ಟು ಬಲಿತಿರುತ್ತದೆ. ನಿರ್ದೇಶಕರಾದ ಯೋಶಿನೋರಿ ಕಿತಾಸೆ ಮತ್ತು ಹಿರೋಯುಕಿ ಇತೊ ಇಲ್ಲಿ ಲೆಕ್ಕವನ್ನು ಬಹಳ ಬಿಗಿಯಾಗಿ ಹಾಕಿದ್ದಾರೆ. ಇಲ್ಲಿ ಅಂಕಗಳನ್ನು ನಾಲ್ಕು ಪಟ್ಟು ಮಾಡಿಕೊಂಡರೆ ಆಗುವ ನಷ್ಟ ಕೇವಲ ರೋಚಕತೆಯದಲ್ಲ. ಎಸ್ಪರ್ ಎಂಬ ದಿವ್ಯಜೀವಿಗಳ ಕಲ್ಲನ್ನು ಧರಿಸಿದ ಪಾತ್ರ ಅನುಭವದ ಅಂಕ ಕೂಡಿಸಿಕೊಂಡು ಒಂದು ಹಂತ ಮೇಲೇರಿದಾಗ, ಆಯಾ ಎಸ್ಪರಿಗೆ ತಕ್ಕಂತೆ ಬಲ, ಮಂತ್ರಶಕ್ತಿ ಮುಂತಾದವು ಶಾಶ್ವತವಾಗಿ ಹೆಚ್ಚುತ್ತವೆ. ಈ ಕಲ್ಲುಗಳು ಜೋಜೊ ಎಂಬ ಊರನ್ನು ಮುಟ್ಟುವವರೆಗೆ ಸಿಗುವುದೇ ಇಲ್ಲವಾದ್ದರಿಂದ, ಅವಸರಕ್ಕೆ ಬಿದ್ದು ಮೊದಲೇ ಏರಿದ ಹಂತಗಳಿಗೆ ಆ ಲಾಭ ಎಂದಿಗೂ ದಕ್ಕುವುದಿಲ್ಲ.

ಮೊದಲರ್ಧದ ಮುಕುಟವೆಂದರೆ ಎಲ್ಲರೂ ಹೇಳುವಂತೆ ಅಪೆರಾ (ಹಾಡಿನಲ್ಲೇ ಸಾಗುವ ನಾಟಕ) ಪ್ರಸಂಗವೇ. ಲೋಕದಲ್ಲಿರುವ ಒಂದೇ ಒಂದು ಹಾರುವ ಹಡಗಿನ ಒಡೆಯ ಸೆಟ್ಜರ್, ಮರಿಯಾ ಎಂಬ ಪ್ರಖ್ಯಾತ ಗಾಯಕಿಯನ್ನು ರಂಗದ ಮೇಲಿಂದಲೇ ಅಪಹರಿಸುವುದಾಗಿ ಪತ್ರ ಬರೆದಿದ್ದಾನೆ. ಹಡಗು ಬೇಕಾದ ನಮ್ಮ ತಂಡದವರು ಮರಿಯಾಳನ್ನೇ ಹೋಲುವ ಸೆಲಿಸ್‌ಗೆ ಬಣ್ಣ ಹಚ್ಚಿ ನಿಲ್ಲಿಸುತ್ತಾರೆ. ಕತ್ತಿ ಹಿಡಿದು ಪಳಗಿದ ಮಾಜಿ ಸೇನಾನಿ ಅವಳು, ಹಾಡುಗಾರಿಕೆಯ ಗಂಧಗಾಳಿಯೂ ಇಲ್ಲ. ಅವಳು ಹಾಡುವ ಸಾಲುಗಳನ್ನು ರಂಗಕ್ಕೆ ಹೋಗುವ ಮೊದಲು ನಾವೇ ಓದಿ ನೆನಪಿಟ್ಟುಕೊಂಡು, ಸರಿಯಾದ ಹೊತ್ತಿನಲ್ಲಿ ಸರಿಯಾದ ಸಾಲನ್ನು ಆರಿಸಬೇಕು. ತಪ್ಪಿದರೆ ಪ್ರದರ್ಶನ ಅಲ್ಲಿಗೇ ನಿಲ್ಲುತ್ತದೆ. ಅಷ್ಟರಲ್ಲಿ ಅಲ್ಟ್ರೋಸ್ ಎಂಬ ಕಿಡಿಗೇಡಿ ಆಕ್ಟೋಪಸ್ ನಾಯಕಿಯ ತಲೆಯ ಮೇಲೆ ನಾಲ್ಕು ಟನ್ನಿನ ಭಾರವನ್ನು ಬೀಳಿಸಲು ಮಾಡಿನ ತೊಲೆಗಳ ಮೇಲೆ ಹೊಂಚುಹಾಕಿರುತ್ತದೆ. ಐದು ನಿಮಿಷದೊಳಗೆ ಇಲಿಗಳನ್ನು ತಪ್ಪಿಸಿಕೊಂಡು ಅಲ್ಲಿಗೆ ಓಡಬೇಕು. ಕೊನೆಗೆ ನಮ್ಮ ತಂಡದ ಲಾಕ್ ಮತ್ತು ಆಕ್ಟೋಪಸ್ ಇಬ್ಬರೂ ಉರುಳಿಕೊಂಡು ರಂಗದ ನಟ್ಟನಡುವೆ ಬೀಳುತ್ತಾರೆ, ಬಿದ್ದ ಹೊಡೆತಕ್ಕೆ ನಾಟಕದ ನಾಯಕ, ಪ್ರತಿನಾಯಕ ಇಬ್ಬರೂ ಮೂರ್ಛೆ ಹೋಗುತ್ತಾರೆ, ಲಾಕ್ ಬೇರೆ ದಾರಿ ಕಾಣದೆ ತಾನೇ ಮರಿಯಾಳನ್ನು ವರಿಸುವವನೆಂದು ಘೋಷಿಸುತ್ತಾನೆ, ಮ್ಯಾನೇಜರು ಸಂಗೀತ ಮುಂದುವರಿಸಿ ಎಂದು ಕೂಗುತ್ತಾನೆ.

ಗುಬ್ಬಿ ವೀರಣ್ಣನವರ ಜಿಲ್ಲೆಯವರಿಗೆ ಇದು ಪರಕೀಯ ಎನಿಸುವುದೇ ಇಲ್ಲ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆಗಳನ್ನೇ ರಂಗಕ್ಕೆ ತಂದ ಕಂಪನಿ ಹುಟ್ಟಿದ ನೆಲದಲ್ಲಿ, ಕೈಕೊಟ್ಟ ಪಾತ್ರಧಾರಿಯ ಜಾಗಕ್ಕೆ ಇನ್ನೊಬ್ಬರನ್ನು ಎಳೆದು ತರುವುದು, ರಂಗದ ಮೇಲೆ ಆದ ಅವಘಡವನ್ನೇ ಹಾಸ್ಯಪಾತ್ರದ ಮಾತಿನಲ್ಲಿ ಕಥೆಗೆ ಹೊಂದಿಸಿಬಿಡುವುದು, ಸೈಡ್‌ವಿಂಗಿನಲ್ಲಿ ನಿಂತ ಮ್ಯಾನೇಜರು ಹಾರ್ಮೋನಿಯಂ ನಿಲ್ಲದಂತೆ ಸನ್ನೆ ಮಾಡುವುದು ಇವೆಲ್ಲ ಹಿರಿಯರ ಬಾಯಲ್ಲಿ ಕೇಳಿದ ಸಂಗತಿಗಳೇ. ಮೂಲ ಯಂತ್ರಕ್ಕೆ ಹಾಡುವ ಕಂಠವಿರಲಿಲ್ಲ. ಸೆಲಿಸ್‌ಳ ಹಾಡು ಅಂದು ಒಂದು ಬಗೆಯ ಕೃತಕ ಸ್ವರವಾಗಿ ಕೇಳುತ್ತಿತ್ತು. ರೀಮಾಸ್ಟರಿನಲ್ಲಿ ನಿಜವಾದ ಗಾಯಕರು 7 ಭಾಷೆಗಳಲ್ಲಿ ಹಾಡಿದ್ದಾರೆ, ರಂಗವನ್ನು ಆಳವಿರುವ ಮೂರು ಆಯಾಮದ ದೃಶ್ಯವಾಗಿ ಕಟ್ಟಿದ್ದಾರೆ. ಉಳಿದ ಆಟದ ಚಪ್ಪಟೆ ಚಿತ್ರಗಳಿಗೂ ಈ ದೃಶ್ಯಕ್ಕೂ ಹೊಂದಾಣಿಕೆ ಸಾಲದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಆ ಕಂಠವನ್ನು ಕೇಳಿದ ಮೇಲೆ ಹಳೆಯದಕ್ಕೆ ಮರಳುವ ಮನಸ್ಸಾಗಲಿಲ್ಲ.

ಆಟ ಏನನ್ನೂ ಹೇಳದೆ ನಮ್ಮನ್ನು ಪರೀಕ್ಷಿಸುವ ಜಾಗಗಳನ್ನು ರೀಮಾಸ್ಟರ್ ಮುಟ್ಟಲು ಹೋಗಿಲ್ಲ. ತೇಲುವ ಖಂಡದಿಂದ ಪಾರಾಗುವಾಗ ಗಡಿಯಾರ ಓಡುತ್ತಿರುತ್ತದೆ. ಹಡಗಿಗೆ ಹಾರುವ ಅಂಚಿನಲ್ಲಿ ಕೊನೆಯ ಐದು ಸೆಕೆಂಡುಗಳವರೆಗೂ ಕಾದು ನಿಂತರೆ ಶ್ಯಾಡೊ ಎಂಬ ಸಂಗಾತಿ ಬಂದು ಸೇರುತ್ತಾನೆ, ಜೀವಭಯಕ್ಕೆ ಮೊದಲೇ ಹಾರಿದರೆ ಅವನು ಇಡೀ ಆಟಕ್ಕೇ ಇಲ್ಲವಾಗುತ್ತಾನೆ. ಲೋಕ ಕುಸಿದ ಒಂದು ವರ್ಷದ ನಂತರ ನಿರ್ಜನ ದ್ವೀಪದಲ್ಲಿ ಕಣ್ಣು ತೆರೆಯುವ ಸೆಲಿಸ್, ಕಾಯಿಲೆ ಬಿದ್ದ ವಿಜ್ಞಾನಿ ಸಿಡ್‌ನಿಗೆ ಮೀನು ಹಿಡಿದು ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ಅವನಿಗೆ ಹಿತ, ನಿಧಾನವಾಗಿ ತೇಲುವುದು ಅಹಿತ, ತಡಮಾಡಿದಷ್ಟೂ ಅವನ ಪ್ರಾಣ ಇಳಿಯುತ್ತದೆ. ಇದನ್ನು ತೋರಿಸುವ ಅಳತೆಪಟ್ಟಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಅವನು ಉಳಿದರೂ ಉಳಿಯದಿದ್ದರೂ ಕಥೆ ಮುಂದೆ ಸಾಗುತ್ತದೆ ಎಂಬುದು ಈ ಪ್ರಸಂಗದ ಕ್ರೌರ್ಯ. ಇಲ್ಲೊಂದು ಸೂಚನೆಯ ಪೆಟ್ಟಿಗೆಯನ್ನು ಹಾಕದೆ ಬಿಟ್ಟದ್ದಕ್ಕೆ ತಯಾರಕರಿಗೆ ಪೂರ್ಣ ಅಂಕ ಕೊಡಬೇಕು.

ದ್ವೀಪದಿಂದ ಆಚೆಗೆ ಆಟದ ಸ್ವಭಾವವೇ ಬೇರೆ. ಸೆಲಿಸ್, ಎಡ್ಗರ್, ಸೆಟ್ಜರ್ ಈ ಮೂವರು ಸೇರಿ ಹಡಗು ಸಿಕ್ಕ ಮೇಲೆ ಒಟ್ಟು 14 ಪಾತ್ರಗಳಲ್ಲಿ ಉಳಿದವರನ್ನು ಹುಡುಕುವುದು, ಬಿಡುವುದು ನಮ್ಮ ಇಚ್ಛೆ. ಆದರೆ ಅಂತಿಮ ಗೋಪುರಕ್ಕೆ ಮೂರು ತಂಡಗಳಾಗಿ ನುಗ್ಗಬೇಕಾದ್ದರಿಂದ, ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರಿಸಿದ್ದ ಪಾತ್ರಗಳನ್ನೂ ಕರೆತಂದು ಬೆಳೆಸುವ ಕೆಲಸ ಬೀಳುತ್ತದೆ. ನೋಡಿದ ಗುಹೆಗೇ ಮತ್ತೆ ಹೋಗಬೇಕು, ದಾಟಿದ ಮರುಭೂಮಿಯನ್ನೇ ಮತ್ತೆ ದಾಟಬೇಕು. ನನ್ನ ಮಟ್ಟಿಗೆ ಬೂಸ್ಟ್ ಮೆನು ಹುಟ್ಟಿದ್ದೇ ಈ ಭಾಗಕ್ಕಾಗಿ. ಮರೆತ ಪೆಟ್ಟಿಗೆಯೊಂದನ್ನು ತರಲು ಹಳೆಯ ಗುಹೆಗೆ ಇಳಿದಾಗ ಯುದ್ಧಗಳನ್ನು ನಿಲ್ಲಿಸಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

ಶಾಪಗ್ರಸ್ತ ಗುರಾಣಿಯನ್ನೇ ನೋಡಿ. ಅದನ್ನು ತೊಟ್ಟವನಿಗೆ ಯುದ್ಧ ಶುರುವಾಗುತ್ತಲೇ ಇರುವ ಕೆಡುಕೆಲ್ಲ ಒಟ್ಟಿಗೆ ಮೈಗಂಟುತ್ತದೆ. ಹಾಗೆ ತೊಟ್ಟುಕೊಂಡೇ 256 ಯುದ್ಧಗಳನ್ನು ಮುಗಿಸಿದರೆ ಶಾಪ ಕಳೆದು ಅದು ಆಟದ ಅತ್ಯುತ್ತಮ ಗುರಾಣಿಯಾಗುತ್ತದೆ. ಇದರಲ್ಲಿ ಜಾಣ್ಮೆಯೂ ಇಲ್ಲ, ಕಥೆಯೂ ಇಲ್ಲ. ಆಟೊ ಬ್ಯಾಟಲ್ ಹಾಕಿ, ದುರ್ಬಲ ಶತ್ರುಗಳಿರುವ ಕಡೆ ಸುತ್ತುತ್ತಾ, ತುಮಕೂರು-ಬೆಂಗಳೂರು ರೈಲಿನ ಕಿಟಕಿಯಾಚೆ ಹಿರೇಹಳ್ಳಿ, ದೊಡ್ಡಬೆಲೆ ಹಾದುಹೋಗುವುದನ್ನು ನೋಡಿಕೊಂಡೇ ನಾನು ಇದನ್ನು ಮುಗಿಸಿದೆ.

ಮತಾಂಧರ ಗೋಪುರ ಎಂಬ ಇನ್ನೊಂದು ಜಾಗದ ಮಾತು ಬೇರೆ. ಅಲ್ಲಿ ಕತ್ತಿ, ಈಟಿ ಯಾವುದೂ ನಡೆಯದು, ಮಂತ್ರವೊಂದೇ ಗತಿ. ಪ್ರತಿ ಮೆಟ್ಟಿಲ ಸಾಲಿಗೂ ಮಂತ್ರಶಕ್ತಿ ಕರಗುತ್ತಾ ಹೋಗುತ್ತದೆ, ಯಾರನ್ನು ಯಾವಾಗ ಗುಣಪಡಿಸಬೇಕು ಎಂಬ ಲೆಕ್ಕಾಚಾರವೇ ಅಲ್ಲಿನ ಆಟ. ತುದಿಯ ನಿಧಿಯನ್ನು ಎತ್ತಿಕೊಂಡ ಮೇಲೆ ಎದುರಾಗುವ ಮಾಂತ್ರಿಕ ಸಾಯುವ ಕ್ಷಣದಲ್ಲಿ ಅಲ್ಟಿಮಾ ಎಂಬ ಮಹಾಮಂತ್ರವನ್ನು ಎರಚಿ ಇಡೀ ತಂಡವನ್ನು ತನ್ನೊಂದಿಗೆ ಕರೆದೊಯ್ಯುತ್ತಾನೆ. ಸತ್ತರೂ ತಾನಾಗಿ ಎಬ್ಬಿಸಿ ನಿಲ್ಲಿಸುವ ರೀರೈಸ್ ಮಂತ್ರವನ್ನು ಮೊದಲೇ ಹಾಕಿಕೊಂಡವರು ಬದುಕುತ್ತಾರೆ. ಯುದ್ಧಗಳನ್ನು ನಿಲ್ಲಿಸಿಕೊಂಡು ಈ ಗೋಪುರ ಹತ್ತಿದರೆ ಉಳಿಯುವುದು ಬರೀ ಮೆಟ್ಟಿಲು.

ಸ್ವಿಚ್ಚುಗಳಿಂದ ಸರಿಹೋಗದ ದೋಷಗಳೂ ಇವೆ. ಯಾವ ಎಸ್ಪರನ್ನು ಹೆಚ್ಚುಕಡಿಮೆ ಯಾರು ಬೇಕಾದರೂ ಧರಿಸಿ ಅದರ ಮಂತ್ರಗಳನ್ನು ಕಲಿಯಬಹುದು ಎಂಬ ಉದಾರ ನಿಯಮದಿಂದಾಗಿ, ಆರಂಭದಲ್ಲಿ ಒಬ್ಬೊಬ್ಬರೂ ಒಂದೊಂದು ಥರ ಇದ್ದ ಪಾತ್ರಗಳು ಕೊನೆಗೆ ಅವೇ ನಾಲ್ಕು ಮಂತ್ರ ಹಾಕುವ ಒಂದೇ ಅಚ್ಚಿನ ಬೊಂಬೆಗಳಾಗುತ್ತವೆ. ಕಾಡುಹುಡುಗ ಗಾವ್ ಇದಕ್ಕೆ ಅಪವಾದ, ಆದರೆ ಅವನ ಕಾಟವೇ ಬೇರೆ: ವೆಲ್ಟ್ ಬಯಲಿನಲ್ಲಿ ಮೃಗಗಳ ಮೇಲೆ ಹಾರಿ, ಮರಳಿ ಬರುವವರೆಗೆ ಕಾದು, ಒಂದೊಂದೇ ಮೃಗದ ವಿದ್ಯೆಯನ್ನು ಕೂಡಿಸಬೇಕು, ಅಷ್ಟು ಮಾಡಿದರೂ ಆವೇಶ ಬಂದ ಮೇಲೆ ಅವನು ನಮ್ಮ ಮಾತು ಕೇಳುವುದಿಲ್ಲ. ಮೂಲ ಆಟದಲ್ಲಿ ಶತ್ರುವಿನ ಹೊಡೆತ ತಪ್ಪಿಸಿಕೊಳ್ಳುವ ಸಾಮರ್ಥ್ಯದ ಅಂಕವೇ ಕೆಲಸ ಮಾಡದಂಥ ಪ್ರಸಿದ್ಧ ದೋಷವೊಂದಿತ್ತು, ಅದು ಈಗ ಇಲ್ಲ. ಆದರೆ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಯಂತ್ರದ ಆವೃತ್ತಿಯಲ್ಲಿ ಸೇರಿಸಿದ್ದ ಡ್ರ್ಯಾಗನ್ಸ್ ಡೆನ್ ಗುಹೆ, ನಾಲ್ಕು ಹೆಚ್ಚುವರಿ ಎಸ್ಪರ್‌ಗಳು ಇಲ್ಲಿ ಕೈಬಿಟ್ಟಿವೆ. ಸಂಪೂರ್ಣ ಆವೃತ್ತಿ ಬೇಕೆನ್ನುವವರಿಗೆ ಇದು ದೊಡ್ಡ ಕೊರತೆ.

ಫೋನಿನಲ್ಲಿ ಆಡುವವರಿಗೆ ಅನುಕೂಲವೂ ಇದೆ, ಪೀಕಲಾಟವೂ ಇದೆ. ಹಿಂದೆ ನಿಗದಿತ ಜಾಗಗಳಲ್ಲಿ ಇಲ್ಲವೇ ಬಯಲಿನ ನಕ್ಷೆಯಲ್ಲಿ ಮಾತ್ರ ಸಾಧ್ಯವಿದ್ದ ಸೇವ್ ಈಗ ಯುದ್ಧದ ನಡುವೆ ಬಿಟ್ಟರೆ ಎಲ್ಲಿ ಬೇಕಾದರೂ ಆಗುತ್ತದೆ, ಆದ್ದರಿಂದ ಯಶವಂತಪುರ ಬಂತೆಂದು ಬೋಗಿಯ ಜನವೆಲ್ಲ ಎದ್ದು ನಿಂತಾಗ ಗಾಬರಿಪಡಬೇಕಿಲ್ಲ. ಆದರೆ ತಂಡದ ಮಲ್ಲ ಸಾಬಿನ್‌ನ ವಿದ್ಯೆಗೆ ಬಾಣದ ಗುರುತುಗಳನ್ನು ಕ್ರಮವಾಗಿ ಒತ್ತಬೇಕಿರುವುದರಿಂದ ಜನ ತುಂಬಿದ ಬೋಗಿಯಲ್ಲಿ ಬೆರಳು ಜಾರುವುದು ಖಂಡಿತ. ಮೊದಲು ಟೀಕೆಗೊಳಗಾಗಿದ್ದ ಸಪೂರ ಅಕ್ಷರಗಳ ಬದಲಿಗೆ ಹಳೆಯ ಮಾದರಿಯ ಅಕ್ಷರಗಳನ್ನು ಆರಿಸಿಕೊಳ್ಳಲು ಈಗ ಅವಕಾಶವಿದೆ. ಅದನ್ನು ಮೊದಲೇ ಬದಲಿಸಿಕೊಳ್ಳುವುದು ಕಣ್ಣಿಗೆ ಒಳ್ಳೆಯದು.

ಇನ್ನು ಕೊನೆಯ ಯುದ್ಧ. ವಿದೂಷಕನ ವೇಷದಲ್ಲಿ ಲೋಕವನ್ನೇ ಹಾಳುಗೆಡವಿದ ಕೆಫ್ಕಾನ ಎದುರಿನ ಈ ಕಾಳಗ ಕೆಳಗಿನಿಂದ ಮೇಲಕ್ಕೆ ನಾಲ್ಕು ಘಟ್ಟಗಳಲ್ಲಿ ನಡೆಯುತ್ತದೆ, ಉಯೆಮಾತ್ಸು ಅವರ ಸಂಗೀತವೂ ಘಟ್ಟಕ್ಕೊಂದರಂತೆ ನಾಲ್ಕು ಭಾಗಗಳಲ್ಲಿ ಬೆಳೆಯುತ್ತದೆ. ಮೂಲ ಧ್ವನಿಮುದ್ರಿಕೆಯಲ್ಲಿ ಅದರ ಅವಧಿ 17 ನಿಮಿಷಗಳಿಗೂ ಹೆಚ್ಚು. ಅಂಕಗಳನ್ನು ನಾಲ್ಕು ಪಟ್ಟು ಮಾಡಿಕೊಂಡು ಬಂದ ತಂಡ ಒಂದೊಂದು ಘಟ್ಟವನ್ನೂ ಎರಡು ಅಲ್ಟಿಮಾಗೆ ಮುಗಿಸಿಬಿಡುತ್ತದೆ, ಮೂರನೆಯ ಘಟ್ಟದ ಆರ್ಗನ್ ವಾದನ ಕಾವೇರುವ ಮೊದಲೇ ಕಡಿದುಹೋಗುತ್ತದೆ. ಗಳಿಸಿದ ಹಂತಗಳನ್ನು ಹಿಂದಕ್ಕೆ ಕೊಡುವ ಸ್ವಿಚ್ಚು ಮೆನುವಿನಲ್ಲಿಲ್ಲ. ಆದ್ದರಿಂದ ಕೆಫ್ಕಾನ ಗೋಪುರಕ್ಕೆ ಕಾಲಿಡುವ ಮುನ್ನವೇ ಅನುಭವದ ಅಂಕವನ್ನು ಸೊನ್ನೆಗೆ ಇಳಿಸಿ, ಘಟ್ಟಗಳ ನಡುವೆ ಸೇವ್ ಮಾಡಲು ಆಗದು ಎಂಬುದನ್ನು ನೆನಪಿಟ್ಟು, ಮನೆಯಲ್ಲಿ ಬಿಡುವಿರುವ ಹೊತ್ತು ನೋಡಿಕೊಂಡು ಒಂದೇ ಪಟ್ಟಿಗೆ ಕುಳಿತು ಆಡಿರಿ.