ಫಿಫ್ತ್ ವೀಲ್ ಕ್ಯಾಂಪರ್‌ಗೆ ರಬ್ಬರ್ ಪಿನ್ ಬಾಕ್ಸೋ, ಗಾಳಿಚೀಲದ್ದೋ?

ಫಿಫ್ತ್ ವೀಲ್ ಕ್ಯಾಂಪರ್ (ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ ಕೊಂಡಿ ಹಾಕಿ ಎಳೆಯುವ, ಒಳಗೆ ವಾಸಿಸಬಹುದಾದ ಟ್ರೇಲರ್) ಎಳೆದುಕೊಂಡು ಇಡೀ ದಿನ ಹೆದ್ದಾರಿಯಲ್ಲಿ ಹೋಗುವವರನ್ನು ಹೈರಾಣಾಗಿಸುವ ಕಾಟ ಎರಡು ಬಗೆಯದು. ಒಂದು, ಯಾರೋ ಸೀಟನ್ನು ಹಿಂದಿನಿಂದ ನೂಕಿ ನೂಕಿ ಎಳೆದಂತಾಗುವ ಹಿಂದು-ಮುಂದಿನ ಜಗ್ಗಾಟ. ಇನ್ನೊಂದು, ಪಿಕಪ್ಪಿನ ಹಿಂಭಾಗ ಎದ್ದು ಕುಸಿಯುವ ಮೇಲು-ಕೆಳಗಿನ ಕುಣಿತ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಟ್ರೇಲರಿನ ಮೂತಿಯ ಕೆಳಗಿದ್ದು ಪಿಕಪ್ಪಿಗೆ ಕೊಂಡಿಯಾಗುವ ಪೆಟ್ಟಿಗೆಯೇ ಪಿನ್ ಬಾಕ್ಸ್. ಮೋರ್‌ರೈಡ್ ಕಂಪನಿಯ ರಬ್ಬರ್ ಪಿನ್ ಬಾಕ್ಸ್ ಜಗ್ಗಾಟಕ್ಕೆ ಹೇಳಿ ಮಾಡಿಸಿದ್ದು. ಲಿಪ್ಪರ್ಟ್‌ನ ಫ್ಲೆಕ್ಸ್ ಏರ್‌ನಂಥ ಗಾಳಿಚೀಲದ ಪಿನ್ ಬಾಕ್ಸ್ ಮುಖ್ಯವಾಗಿ ಕುಣಿತವನ್ನು ತಗ್ಗಿಸುತ್ತದೆ. ದೂರದ ಓಟಕ್ಕೆ ಒಂದನ್ನೇ ಆರಿಸಿಕೊಳ್ಳಬೇಕಾದರೆ ರಬ್ಬರಿನದೇ ಮೇಲು. ಆದರೆ ಅದಕ್ಕೂ ಮೊದಲು ನೋಡಬೇಕಾದ ಜಾಗ ಹಿಚ್, ಅಂದರೆ ಪಿಕಪ್ಪಿನ ತೊಟ್ಟಿಯಲ್ಲಿರುವ ಕೊಂಡಿ.

ಪಿನ್ ಬಾಕ್ಸಿನಿಂದ ಕೆಳಗೆ ಚಾಚಿದ ಉಕ್ಕಿನ ಗೂಟವೇ ಕಿಂಗ್‌ಪಿನ್, ಅದರ ವ್ಯಾಸ 2 ಇಂಚು. ಅದನ್ನು ಹಿಡಿಯುವ ಹಿಚ್ಚಿನ ದವಡೆ ಸವೆದು ಸಡಿಲವಾಗಿದ್ದರೆ ಎಂಥ ದುಬಾರಿ ಪಿನ್ ಬಾಕ್ಸ್ ಹಾಕಿದರೂ ಗುದ್ದು ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಟ್ರೇಲರ್ ಕಟ್ಟಿಕೊಂಡು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಕಂಟ್ರೋಲರಿನ ಕೈ ಲಿವರ್ ಒತ್ತಿ ಟ್ರೇಲರ್ ಚಕ್ರಗಳನ್ನು ಹಿಡಿಸಿ, ಪಿಕಪ್ಪನ್ನು ಒಮ್ಮೆ ಡ್ರೈವ್‌ಗೆ, ಒಮ್ಮೆ ರಿವರ್ಸ್‌ಗೆ ಹಾಕಿ ನಿಧಾನವಾಗಿ ಅಲುಗಿಸಿ. ಇನ್ನೊಬ್ಬರು ಪಕ್ಕದಲ್ಲಿ, ವಾಹನದ ದಾರಿಗೆ ಅಡ್ಡ ಬರದಂತೆ ನಿಂತು, ದವಡೆಯನ್ನೇ ಗಮನಿಸಲಿ. ಪಿನ್ನು ದವಡೆಯೊಳಗೆ ‘ಟಕ್’ ಎಂದು ಸರಿದರೆ ಸಡಿಲ ಅಲ್ಲೇ ಇದೆ. ಹೊಂದಿಸಲು ಬರುವ ದವಡೆಯಾದರೆ ಹೊಂದಿಸಿ, ಇಲ್ಲದಿದ್ದರೆ ಬದಲಿಸಿ. ಹಿಚ್ ಪಿಕಪ್ಪಿನ ಹಳಿಗಳ ಮೇಲೆ ಕೂರುವ ಪಿನ್ನುಗಳಲ್ಲೂ ಇಂಥದೇ ಸಡಿಲ ಇರಬಹುದು, ಅದನ್ನೂ ನೋಡಿ.

ಎರಡನೆಯದು ತೂಕ. ಫಿಫ್ತ್ ವೀಲ್‌ನಲ್ಲಿ ಟ್ರೇಲರ್ ತೂಕದ ಸುಮಾರು 20ರಿಂದ 25 ಶೇಕಡಾ ಪಿನ್ನಿನ ಮೇಲೆ ಬೀಳಬೇಕು. ಅಂದರೆ 14,000 ಪೌಂಡ್ ಟ್ರೇಲರ್‌ಗೆ 2,800ರಿಂದ 3,500 ಪೌಂಡ್. ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ವಾಹನ ತೂಗುವ ತಕ್ಕಡಿ) ಮೇಲೆ ಟ್ರೇಲರ್ ಸಮೇತ ಒಮ್ಮೆ, ಬಿಚ್ಚಿಟ್ಟು ಪಿಕಪ್ ಮಾತ್ರ ಇನ್ನೊಮ್ಮೆ ತೂಗಿ. ಎರಡೂ ಸಲ ಪಿಕಪ್ಪಿನ ಎರಡು ಆಕ್ಸಲ್‌ಗಳ ತೂಕ ಕೂಡಿಸಿ ಕಳೆದರೆ ಸಿಗುವುದೇ ಪಿನ್ ತೂಕ. ಪಿನ್ ಬಾಕ್ಸ್ ಕೊಳ್ಳುವಾಗ ಈ ಅಂಕಿ ಕೈಯಲ್ಲಿರಲೇಬೇಕು. ರಬ್ಬರಿನ ಗಡಸುತನ ಆರಿಸುವುದು ಇದರ ಮೇಲೆಯೇ. ಹಗುರ ಟ್ರೇಲರ್‌ಗೆ ಭಾರದ ಮಾದರಿ ಹಾಕಿದರೆ ರಬ್ಬರ್ ಅಲುಗುವುದೇ ಇಲ್ಲ, ದುಡ್ಡು ದಂಡ. ನೀರಿನ ಟ್ಯಾಂಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 60 ಗ್ಯಾಲನ್ ನೀರು ಎಂದರೆ ಹತ್ತಿರ ಹತ್ತಿರ 500 ಪೌಂಡ್. ಟ್ಯಾಂಕ್ ಆಕ್ಸಲ್‌ಗಳಿಗಿಂತ ಹಿಂದಿದ್ದರೆ ಅದು ತುಂಬಿದಾಗ ಪಿನ್ ಹಗುರವಾಗುತ್ತದೆ.

ಇನ್ನು ಪಿನ್ ಬಾಕ್ಸಿನ ವಿಷಯ. ರಬ್ಬರ್ ಮಾದರಿಯಲ್ಲಿ ಮೇಲಿನ ಪೆಟ್ಟಿಗೆ ಟ್ರೇಲರ್ ಫ್ರೇಮಿಗೆ ಬೋಲ್ಟ್ ಆಗಿರುತ್ತದೆ. ಕಿಂಗ್‌ಪಿನ್ ಇರುವ ಕೆಳಭಾಗ ರಬ್ಬರ್ ಸ್ಪ್ರಿಂಗ್‌ಗಳಲ್ಲಿ ತೂಗುತ್ತ ಹಿಂದೆ ಮುಂದೆ ಸರಿಯುತ್ತದೆ. ಕಾಂಕ್ರೀಟ್ ಹೆದ್ದಾರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 15 ಅಡಿಗೊಂದು ಜಾಯಿಂಟ್ ಇರುವ ರಸ್ತೆಯಲ್ಲಿ ಗಂಟೆಗೆ 60 ಮೈಲಿ, ಅಂದರೆ ಸೆಕೆಂಡಿಗೆ 88 ಅಡಿ ಹೋದರೆ, ಪ್ರತಿಯೊಂದು ಆಕ್ಸಲ್‌ಗೂ ಸೆಕೆಂಡಿಗೆ ಸುಮಾರು 6 ಗುದ್ದು. ಆ ಲಯ ಪಿಕಪ್ ಮತ್ತು ಟ್ರೇಲರಿನ ಸ್ವಂತ ಅಲುಗಾಟದ ಲಯಕ್ಕೆ ಕೂಡಿಬಂದರೆ ಜಗ್ಗಾಟ ಏರುತ್ತಲೇ ಹೋಗುತ್ತದೆ. ರಬ್ಬರ್ ಅದನ್ನು ಹೀರಿಕೊಳ್ಳುತ್ತದೆ. ವೇಗವನ್ನು ನಾಲ್ಕೈದು ಮೈಲಿ ಇಳಿಸಿದರೂ ಲಯ ತಪ್ಪಿ ಆರಾಮ ಸಿಗುತ್ತದೆ, ಅದಕ್ಕೆ ಕಾಸೂ ಬೇಡ.

ಗಾಳಿಚೀಲದ ಮಾದರಿ ಸೇತುವೆಯ ಅಂಚು, ಗುಂಡಿಗಳಂಥ ದೊಡ್ಡ ಹೊಡೆತಕ್ಕೆ ಒಳ್ಳೆಯದು. ಗಡಸು ಸ್ಪ್ರಿಂಗಿನ, ಒಂದು ಟನ್ ವರ್ಗದ ಪಿಕಪ್ಪಿಗೆ ಹಗುರ ಟ್ರೇಲರ್ ಕಟ್ಟುವವರು ಇದನ್ನೇ ನೋಡಬಹುದು. ಆದರೆ ಅದು ದಿನವೂ ಗಮನ ಬೇಡುತ್ತದೆ. ಗಾಳಿ ತುಂಬಬೇಕಾದದ್ದು ಟ್ರೇಲರ್ ಕಟ್ಟಿ, ಮುಂಗಾಲಿನ ಜ್ಯಾಕ್ ಎತ್ತಿ, ಭಾರ ಪೂರ್ತಿ ಪಿನ್ನಿನ ಮೇಲೆ ಬಿದ್ದ ನಂತರ, ತಯಾರಕರು ಹೇಳಿದ ಮಟ್ಟಕ್ಕೆ. ಕಡಿಮೆಯಾದರೆ ಉಕ್ಕು ಉಕ್ಕಿಗೆ ಬಡಿದು ಮೊದಲಿಗಿಂತ ಕೆಟ್ಟ ಹೊಡೆತ. ಜಾಸ್ತಿಯಾದರೆ ಚೀಲವೇ ಕಲ್ಲಾಗುತ್ತದೆ. ಗಾಳಿ ಎಲ್ಲಿ ಇಳಿಯುತ್ತಿದೆ ಎಂದು ಸೋಪಿನ ನೀರು ಹಚ್ಚಿ ನೋಡುವ ಕೆಲಸವೂ ಆಗಾಗ ಇರುತ್ತದೆ.

ಕೂರಿಸುವಾಗ ಹಳೇ ಪಿನ್ ಬಾಕ್ಸಿನ ಪಕ್ಕದ ಲೇಬಲ್ಲಿನಲ್ಲಿರುವ ಮಾದರಿ ಸಂಖ್ಯೆ ನೋಡಿ, ಅದೇ ಬೋಲ್ಟ್ ತೂತುಗಳಿಗೆ ಹೊಂದುವುದನ್ನೇ ತರಿಸಿ. ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಪೆಟ್ಟಿಗೆಯ ಕೆಳಗೆ ಜ್ಯಾಕ್ ನಿಲ್ಲಿಸಿದ ಮೇಲೆಯೇ ಬೋಲ್ಟ್ ಬಿಚ್ಚಿ. ಅದು ಕೈಯಲ್ಲಿ ಹಿಡಿಯುವ ಭಾರವಲ್ಲ. ಹೊಸ ಬೋಲ್ಟ್ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದು, ಮೊದಲ 50 ಮೈಲಿ ಓಡಿಸಿದ ಮೇಲೆ ಮತ್ತೆ ಬಿಗಿತ ನೋಡಿ. ಪಿಕಪ್ಪಿನ ತೊಟ್ಟಿಯ ಅಂಚಿಗೂ ಟ್ರೇಲರಿನ ಮೂತಿಗೂ ನಡುವೆ 6 ಇಂಚಾದರೂ ಜಾಗ ಉಳಿಯಬೇಕು, ಟ್ರೇಲರ್ ಮಟ್ಟಸವಾಗಿಯೂ ನಿಲ್ಲಬೇಕು. ಮೂತಿ ಎತ್ತರವಾದರೆ ಹಿಂದಿನ ಆಕ್ಸಲ್ ಹೆಚ್ಚು ಹೊರುತ್ತದೆ. ಟ್ರೇಲರ್ ವಾರಂಟಿಯಲ್ಲಿದ್ದರೆ ಫ್ರೇಮ್ ತಯಾರಕರ ಒಪ್ಪಿಗೆ ಇದೆಯೇ ಎಂದು ಮೊದಲೇ ಕೇಳಿ.

ಪಿಕಪ್ಪಿಗೆ ಹಾಕುವ ಏರ್ ಲಿಫ್ಟ್ ಲೋಡ್‌ಲಿಫ್ಟರ್ 5000ನಂಥ ಗಾಳಿಚೀಲಗಳ ಬಗ್ಗೆ ಒಂದು ಮಾತು. ಕುಸಿದ ಹಿಂಭಾಗವನ್ನು ಎತ್ತಿ ಮಟ್ಟಸ ಮಾಡುವುದು ಅದರ ಕೆಲಸ. ಪಿಕಪ್ ಹೊರಬಹುದಾದ ತೂಕದ ಮಿತಿ ಅದರಿಂದ ಒಂದು ಪೌಂಡೂ ಏರುವುದಿಲ್ಲ. ಖಾಲಿ ಓಡುವಾಗಲೂ ಚೀಲದಲ್ಲಿ 5 ಪಿಎಸ್‌ಐ ಗಾಳಿಯ ಒತ್ತಡ ಇರಲೇಬೇಕು. ಬೇಕಾದ್ದಕ್ಕಿಂತ ಹೆಚ್ಚು ತುಂಬಿದರೆ ಸವಾರಿ ಇನ್ನೂ ಗಡಸಾಗುತ್ತದೆ.

ಟ್ರೇಲರ್ ಕೆಳಗಿನ ಕೆಲಸವನ್ನು ಬಹಳಷ್ಟು ಜನ ಕಡೆಗಣಿಸುತ್ತಾರೆ, ಒಳಗಿನ ಕಪಾಟಿನ ಸಾಮಾನು ಚೆಲ್ಲಾಪಿಲ್ಲಿಯಾಗುವುದಕ್ಕೆ ಉತ್ತರ ಇರುವುದು ಮಾತ್ರ ಅಲ್ಲೇ. ಎರಡು ಲೀಫ್ ಸ್ಪ್ರಿಂಗ್‌ಗಳ ನಡುವಿನ ಈಕ್ವಲೈಜರ್ ಬರೀ ಉಕ್ಕಿನ ತುಂಡಾಗಿದ್ದರೆ ಹೊಡೆತ ನೇರ ಫ್ರೇಮಿಗೆ ಹೋಗುತ್ತದೆ. ಅದರ ಬದಲು ರಬ್ಬರ್ ಇರುವ ಡೆಕ್ಸ್‌ಟರ್ ಇ-ಜೆಡ್ ಫ್ಲೆಕ್ಸ್ ಅಥವಾ ಮೋರ್‌ರೈಡ್ ಸಿಆರ್‌ಇ 3000 ಹಾಕಬಹುದು. ಸಿಆರ್‌ಇ ತರಿಸುವ ಮುನ್ನ ಎರಡು ಆಕ್ಸಲ್‌ಗಳ ನಡುವಿನ ಅಂತರ ಅಳೆಯಿರಿ, 33 ಇಂಚಿಗೂ 35 ಇಂಚಿಗೂ ಮಾದರಿ ಬೇರೆ. ಅದೇ ಹೊತ್ತಿಗೆ ಸ್ಪ್ರಿಂಗ್ ಬೋಲ್ಟುಗಳನ್ನು ಸುತ್ತಿರುವ ನೈಲಾನ್ ಬುಷ್‌ಗಳನ್ನು (ಕೊಳವೆಯಂಥ ತುಂಡುಗಳನ್ನು) ತೆಗೆದು ಕಂಚಿನ ಬುಷ್, ಗ್ರೀಸ್ ಹೊಡೆಯಲು ಬರುವ ಬೋಲ್ಟ್ ಹಾಕಿಬಿಡಿ. ನೈಲಾನ್ ಸವೆದ ಮೇಲೆ ಬೋಲ್ಟು ಉಕ್ಕನ್ನೇ ತಿಂದು ತೂತುಗಳನ್ನು ಉದ್ದ ಮಾಡುತ್ತದೆ. ಬೋಲ್ಟಿನ ತಲೆಯ ಕೆಳಗೆ ಹಲ್ಲುಗಳಿರುವುದರಿಂದ ತಲೆಯನ್ನು ತಿರುಗಿಸದೆ ನಟ್ಟನ್ನು ಮಾತ್ರ ತಿರುಗಿಸಿ. ಗ್ರೀಸ್ ಹೊರಬರುವ ತೂತು ಗಡಿಯಾರದ 3 ಅಥವಾ 9 ಗಂಟೆಯ ದಿಕ್ಕಿಗಿರಲಿ. ಭಾರ ಬೀಳುವ ಕಡೆಗಿದ್ದರೆ ಗ್ರೀಸ್ ಒಳಗೆ ಹೋಗದೆ ಗನ್ನೇ ಕಟ್ಟಿಕೊಳ್ಳುತ್ತದೆ. ಆಗ ಟ್ರೇಲರ್ ಫ್ರೇಮನ್ನು ಜ್ಯಾಕಿನಲ್ಲಿ ಎತ್ತಿ, ಸ್ಪ್ರಿಂಗಿನ ಮೇಲಿನ ಭಾರ ಇಳಿಸಿ, ಮತ್ತೆ ಹೊಡೆದರೆ ಒಳಗೆ ಇಳಿಯುತ್ತದೆ.