ಕೋಡಿಂಗ್ ಏಜೆಂಟ್‌ಗೆ ಡಾಕರ್ ಸಾಕಾ, ಮೈಕ್ರೊವಿಎಂ ಬೇಕಾ?

ತಾನೇ ಕೋಡ್ ಬರೆದು ಓಡಿಸುವ ಎಐ ಏಜೆಂಟನ್ನು ನಿಮ್ಮದೇ ರೆಪೊದಲ್ಲಿ (ಕೋಡ್ ಇಟ್ಟಿರುವ ಜಾಗ) ಓಡಿಸಿ, ಅದು ಮಾಡಿದ್ದನ್ನು ನೀವೇ ನೋಡುತ್ತಾ ಕೂರುತ್ತೀರಿ ಅಂದರೆ ಡಾಕರ್ ಸಾಕು; ಅದು ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುತ್ತದೆ. ಐದು ನಿಮಿಷದ ಕೆಲಸ. ಪ್ರಾಜೆಕ್ಟ್ ಫೋಲ್ಡರ್ ಒಂದನ್ನೇ ಮೌಂಟ್ ಮಾಡಿ (ಒಳಗೆ ಕಾಣುವಂತೆ ಜೋಡಿಸಿ), ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಅಲ್ಲದ ಯೂಸರ್ ಕೊಡಿ.

ಆದರೆ ಕಂಟೇನರ್‌ಗೆ ಸ್ವಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್ ತಿರುಳು) ಇರುವುದಿಲ್ಲ. ಹೋಸ್ಟ್‌ನದ್ದನ್ನೇ, ಅಂದರೆ ಅದು ಓಡುವ ಯಂತ್ರದ್ದನ್ನೇ ಹಂಚಿಕೊಳ್ಳುತ್ತದೆ, ಹಾಗಾಗಿ ಕರ್ನಲ್‌ನಲ್ಲಿ ಒಂದು ತೂತು ಸಿಕ್ಕರೂ ಒಳಗಿನ ಕೋಡ್ ಹೊರಗೆ ಬರಬಹುದು. ಯಾರೋ ಬರೆದ ಪ್ಯಾಕೇಜುಗಳನ್ನು ಏಜೆಂಟ್ ತಾನೇ ಇನ್‌ಸ್ಟಾಲ್ ಮಾಡುವಾಗ ಇದು ಸಣ್ಣ ವಿಷಯ ಅಲ್ಲ.

ಗೂಗಲ್‌ನ ಜಿವೈಸರ್ ನಡುವಿನ ದಾರಿ. ಪ್ರೋಗ್ರಾಂ ಕರ್ನಲ್‌ಗೆ ಕಳಿಸುವ ಕೋರಿಕೆಗಳನ್ನು (ಸಿಸ್ಟಮ್ ಕಾಲ್) ಮಧ್ಯದಲ್ಲೇ ತಡೆದು ತಾನೇ ನಿಭಾಯಿಸುತ್ತದೆ. ಅದೇ ಡಾಕರ್ ಇಮೇಜ್, ಅದನ್ನು ಓಡಿಸುವ ರನ್‌ಟೈಮ್ ಮಾತ್ರ ಬೇರೆ. ಸಾವಿರಾರು ಸಣ್ಣ ಫೈಲ್ ಓದುವ ಬಿಲ್ಡ್ ಇದ್ದರೆ ನಿಧಾನ ಆಗುತ್ತೆ.

ಬೇರೆಯವರ ಕೆಲಸವನ್ನೂ ನಿಮ್ಮ ಸರ್ವರ್‌ನಲ್ಲಿ ಓಡಿಸುವುದಾದರೆ ನಾನು ಫೈರ್‌ಕ್ರ್ಯಾಕರ್ ಕಡೆಗೇ. ಮೈಕ್ರೊವಿಎಂ, ಅಂದರೆ ಪುಟ್ಟ ವರ್ಚುವಲ್ ಯಂತ್ರಗಳನ್ನು ಓಡಿಸುವ ಇದು ಅಮೆಜಾನ್ 2018ರಲ್ಲಿ ಹೊರತಂದದ್ದು. ಪ್ರತಿ ಏಜೆಂಟ್‌ಗೂ ಸ್ವಂತ ಕರ್ನಲ್, ಬೂಟ್ ಆಗಲು ಸುಮಾರು 125 ಮಿಲಿಸೆಕೆಂಡ್. ಕೆವಿಎಂ (ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯ) ಇರುವ ಲಿನಕ್ಸ್ ಬೇಕು, ಕರ್ನಲ್ ಇಮೇಜ್, ರೂಟ್ ಫೈಲ್‌ಸಿಸ್ಟಮ್, ನೆಟ್‌ವರ್ಕ್ ಎಲ್ಲ ನೀವೇ ಜೋಡಿಸಬೇಕು, ಒಂದೆರಡು ದಿನ ಹೋಗುತ್ತೆ.

ಯಾವುದೇ ಆರಿಸಿ, ಡಾಕರ್ ಸಾಕೆಟ್ (ಹೋಸ್ಟ್‌ನ ಡಾಕರ್‌ಗೆ ಆಜ್ಞೆ ಕೊಡುವ ದಾರಿ) ಮಾತ್ರ ಒಳಗೆ ಕೊಡಬೇಡಿ. ಏಜೆಂಟ್‌ಗೆ ಟೆಸ್ಟ್ ಓಡಿಸಲು ಡಾಕರ್ ಬೇಕು ಅಂತ ಸುಮ್ನೆ ಆ ಒಂದು ಸಾಲು ಸೇರಿಸಿಬಿಡುತ್ತಾರೆ. ಆಮೇಲೆ ಏಜೆಂಟ್ ಹೋಸ್ಟ್‌ನ ಇಡೀ ಡಿಸ್ಕನ್ನೇ ಮೌಂಟ್ ಮಾಡಿದ ಹೊಸ ಕಂಟೇನರ್ ಶುರು ಮಾಡಬಹುದು, ಅಲ್ವಾ? ಬೇರೆ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಗಳೂ ಹೊರಗೇ ಇರಲಿ.